ಸಹಿ ಹಾಕಿದವರು ನಿಮ್ಮ ಮನೆಯನ್ನು ನೋಡಿದ್ದಾರೆಯೇ?

ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಮನೆ, ಅಂಗಡಿ, ಕಾಫಿ ತೋಟಗಳಲ್ಲಿ ಮೂವತ್ತೆರಡು ವರ್ಷ ವಿದ್ಯುತ್ ಗುತ್ತಿಗೆದಾರನಾಗಿ ಕೆಲಸ ಮಾಡಿದ ಅನುಭವದಿಂದ ಈ ಅಂಕಣದಲ್ಲಿ ಉತ್ತರಿಸುತ್ತಿದ್ದೇನೆ. ಈ ಸಲದ ಮೊದಲ ಪತ್ರಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ. ಅದರಲ್ಲಿರುವ ಪ್ರಶ್ನೆಯನ್ನು ಬೇರೆ ಬೇರೆ ಮಾತಿನಲ್ಲಿ ಇನ್ನೂ ಹಲವರು ಕೇಳಿದ್ದಾರೆ.

ಪ್ರಶ್ನೆ: ಸಾಲಗಾಮೆ ರಸ್ತೆಯ ಕಡೆ ಮನೆ ಕಟ್ಟಿಸುತ್ತಿದ್ದೇವೆ. ಮೇಸ್ತ್ರಿ ಕರೆತಂದ ಹುಡುಗರು ಪಾಯಿಂಟ್ ಲೆಕ್ಕದಲ್ಲಿ ವೈರಿಂಗ್ ಮಾಡುತ್ತಿದ್ದಾರೆ. ಕೆಲಸ ಅಚ್ಚುಕಟ್ಟಾಗಿಯೇ ಕಾಣುತ್ತದೆ. ಮೀಟರಿಗೆ ಅರ್ಜಿ ಹಾಕುವಾಗ ಲೈಸೆನ್ಸ್ ಇರುವ ಗುತ್ತಿಗೆದಾರರ ಸಹಿ ಬೇಕಂತೆ. ‘ಅದನ್ನು ನಾವೇ ಹಾಕಿಸಿ ಕೊಡುತ್ತೇವೆ, ಅವರು ಇಲ್ಲಿಗೆ ಬರುವ ಅಗತ್ಯವಿಲ್ಲ’ ಎನ್ನುತ್ತಿದ್ದಾರೆ. ಒಪ್ಪಬಹುದೇ?
— ಗೃಹಿಣಿ, ಹಾಸನ

ಉತ್ತರ: ದಯವಿಟ್ಟು ಒಪ್ಪಬೇಡಿ. ಆ ಹುಡುಗರ ಕೈಚಳಕದ ಬಗ್ಗೆ ನನಗೆ ಅನುಮಾನವಿಲ್ಲ. ನಮ್ಮ ಊರಿನ ಎಷ್ಟೋ ಒಳ್ಳೆಯ ಕೆಲಸಗಾರರು ಹೀಗೆಯೇ ಮೇಸ್ತ್ರಿಗಳ ಜೊತೆ ತಿರುಗಿ ಕಲಿತವರು. ನನಗೆ ಭಯ ಹುಟ್ಟಿಸುವುದು ‘ಅವರು ಬರುವ ಅಗತ್ಯವಿಲ್ಲ’ ಎಂಬ ಮಾತು.

ಕಾನೂನು ಏನು ಹೇಳುತ್ತದೆ ಎಂಬುದನ್ನು ಮೊದಲು ತಿಳಿದುಕೊಳ್ಳಿ. ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು ಹಾಳಾದರೆ ಅದೇ ಬಗೆಯ ಇನ್ನೊಂದನ್ನು ಯಾರು ಬೇಕಾದರೂ ಹಾಕಿಕೊಳ್ಳಬಹುದು. ಅದನ್ನು ಮೀರಿದ ಹೊಸ ವೈರಿಂಗ್, ಬದಲಾವಣೆ, ದುರಸ್ತಿ ಯಾವುದೇ ಇರಲಿ, ಮೂವರು ಬೇಕು: ಸರ್ಕಾರದ ಲೈಸೆನ್ಸ್ ಹೊಂದಿದ ಗುತ್ತಿಗೆದಾರ, ಅರ್ಹತಾ ಪ್ರಮಾಣಪತ್ರವಿರುವ ಮೇಲ್ವಿಚಾರಕ, ಪರ್ಮಿಟ್ ಇರುವ ವೈರ್‌ಮನ್. ಮೇಲ್ವಿಚಾರಕರು ಕೆಲಸವನ್ನು ನೇರವಾಗಿ ನೋಡಿಕೊಳ್ಳಬೇಕು. ಕೇಂದ್ರ ವಿದ್ಯುತ್ ಪ್ರಾಧಿಕಾರದ 2023ರ ಸುರಕ್ಷತಾ ನಿಯಮಾವಳಿಯಲ್ಲಿ ಇದು ಇದೆ. ಅದಕ್ಕೂ ಮೊದಲಿನ 2010ರ ನಿಯಮಾವಳಿಯಲ್ಲಿಯೂ, 1956ರ ಭಾರತೀಯ ವಿದ್ಯುತ್ ನಿಯಮಗಳಲ್ಲಿಯೂ ಇತ್ತು. ನಮ್ಮ ರಾಜ್ಯದಲ್ಲಿ ಈ ಲೈಸೆನ್ಸ್ ಮತ್ತು ಪರ್ಮಿಟ್ಟುಗಳು ವಿದ್ಯುತ್ ಪರಿವೀಕ್ಷಣಾಲಯದ ವ್ಯವಸ್ಥೆಯಿಂದ ಬರುತ್ತವೆ. ಮನೆಗೆ ಕರೆಂಟು ಪೂರೈಸುವ ಕಂಪನಿಗಳಾದ ಸೆಸ್ಕ್ (ಹಾಸನ ಜಿಲ್ಲೆ) ಅಥವಾ ಮೆಸ್ಕಾಂ (ಚಿಕ್ಕಮಗಳೂರು ಜಿಲ್ಲೆ) ಕೊಡುವುದು ಸಂಪರ್ಕವನ್ನು ಮಾತ್ರ. ಆದ್ದರಿಂದ ‘ನನಗೆ ಕೆಇಬಿಯಲ್ಲಿ ಎಲ್ಲರೂ ಗೊತ್ತು’ ಎನ್ನುವವರ ಮಾತು ಲೈಸೆನ್ಸಿಗೆ ಬದಲಿಯಾಗದು. ಮೂಲ ಲೈಸೆನ್ಸನ್ನು ಕೇಳಿ ನೋಡಿ. ಅವಧಿ ಎಂದಿನವರೆಗೆ ಇದೆ, ಹೆಸರು ಯಾರದು ಎಂಬುದನ್ನು ಓದಿ, ಒಂದು ಪ್ರತಿ ಇಟ್ಟುಕೊಳ್ಳಿ. ಪ್ರಾಮಾಣಿಕನಾದ ಗುತ್ತಿಗೆದಾರ ಇದಕ್ಕೆ ಮುಖ ಗಂಟಿಕ್ಕುವುದಿಲ್ಲ.

ಈಗ ಸಹಿಯ ವಿಷಯ. ನೀವು ಅರ್ಜಿಯ ಜೊತೆ ಕೊಡುವ ಕಾಮಗಾರಿ ಪೂರ್ಣಗೊಂಡ ವರದಿಯಲ್ಲಿ ಪರೀಕ್ಷೆಯ ಅಂಕಿಗಳಿರುತ್ತವೆ. ಮೆಗ್ಗರ್ ಎಂಬ ಉಪಕರಣದಿಂದ ತಂತಿಗಳ ನಡುವೆ 500 ವೋಲ್ಟ್ ಡಿಸಿ ಹಾಯಿಸಿದಾಗ ಇನ್ಸುಲೇಷನ್ ರೋಧ, ಅಂದರೆ ತಂತಿಯ ಹೊದಿಕೆ ಕರೆಂಟನ್ನು ತಡೆಯುವ ಬಲ, ಕನಿಷ್ಠ 1 ಮೆಗಾ ಓಂ ಇರಬೇಕು. ಅರ್ಥಿಂಗ್ ರೋಧವನ್ನು ಅಳೆದು ಬರೆಯಬೇಕು. ಸ್ವಿಚ್ಚುಗಳೆಲ್ಲ ಫೇಸ್ ತಂತಿಯಲ್ಲಿಯೇ ಇವೆಯೇ, ನ್ಯೂಟ್ರಲ್‌ನಲ್ಲಿ ಸೇರಿಕೊಂಡಿವೆಯೇ ಎಂದು ಒಂದೊಂದನ್ನೂ ನೋಡಬೇಕು. ಗೋಡೆಯೊಳಗೆ ಹೂತ ಮೇಲೆ ತಂತಿಯ ಸ್ಥಿತಿ ಕಣ್ಣಿಗೆ ಕಾಣುವುದಿಲ್ಲ. ಆ ಅಂಕಿಗಳೇ ನಿಮ್ಮ ಕಣ್ಣು. ಮನೆಗೆ ಬಾರದೆ ಸಹಿ ಹಾಕಿದವರು ಆ ಅಂಕಿಗಳನ್ನು ಎಲ್ಲಿಂದ ತಂದರು ಎಂದು ನೀವೇ ಯೋಚಿಸಿ.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. 1994ರ ಮಳೆಗಾಲ, ಆಲೂರು ತಾಲ್ಲೂಕಿನ ಒಂದು ಹಳ್ಳಿಮನೆ. ಕೆಲಸ ಮುಗಿದಾಗ ಸಂಜೆಯಾಗಿತ್ತು. ಹಾಸನಕ್ಕೆ ಕೊನೆಯ ಬಸ್ಸು ಹೊರಡುವ ಹೊತ್ತು, ಹೊರಗೆ ಜಡಿಮಳೆ. ಮೆಗ್ಗರ್ ಚೀಲದಲ್ಲಿಯೇ ಇತ್ತು, ನಾನು ಅದನ್ನು ಹೊರಗೆ ತೆಗೆಯಲಿಲ್ಲ. ನನ್ನ ಹುಡುಗರು ಚೆನ್ನಾಗಿಯೇ ಮಾಡಿರುತ್ತಾರೆ ಎಂಬ ನಂಬಿಕೆಯಿಂದ ವರದಿಯಲ್ಲಿ ಅಂಕಿ ಬರೆದು ಸಹಿ ಹಾಕಿದೆ. ಮೂರು ತಿಂಗಳ ನಂತರ ಆ ಮನೆಯ ಅಜ್ಜಿ ಬಚ್ಚಲುಮನೆಯ ನಲ್ಲಿಯನ್ನು ಮುಟ್ಟಿದಾಗ ಶಾಕ್ ಹೊಡೆದು ಬಿದ್ದರು. ಜೀವ ಉಳಿಯಿತು, ಬಲಗೈಯ ಮಣಿಕಟ್ಟು ಮುರಿಯಿತು. ಹೋಗಿ ನೋಡಿದರೆ ಪೈಪಿನ ಒಳಗೆ, ಇರಲೇಬಾರದ ಜಾಗದಲ್ಲಿ, ತಂತಿಗೆ ಜಾಯಿಂಟ್ ಹಾಕಿದ್ದರು. ಟೇಪ್ ಬಿಚ್ಚಿಕೊಂಡು, ಒದ್ದೆ ಗೋಡೆಯ ಮೂಲಕ ನೀರಿನ ಕಬ್ಬಿಣದ ಪೈಪಿಗೆ ಕರೆಂಟು ಇಳಿದಿತ್ತು. ಮೆಗ್ಗರ್ ತಿರುಗಿಸಿದೆ, ಸೂಜಿ ಸೊನ್ನೆಯನ್ನು ಬಿಟ್ಟು ಅಲುಗಲಿಲ್ಲ. ಆ ಸಂಜೆ ಹತ್ತು ನಿಮಿಷ ನಿಂತಿದ್ದರೆ ಅದೇ ಸೂಜಿ ನನಗೆ ಎಚ್ಚರಿಕೆ ಕೊಡುತ್ತಿತ್ತು. ಆ ಅಜ್ಜಿ ನನ್ನನ್ನು ಬೈಯಲಿಲ್ಲ, ಕಾಫಿ ಕುಡಿದು ಹೋಗು ಎಂದರು. ಅಂದಿನಿಂದ ಅಳತೆಯಿಲ್ಲದ ಒಂದು ಕಾಗದಕ್ಕೂ ನಾನು ಸಹಿ ಹಾಕಿಲ್ಲ.

ಆದ್ದರಿಂದ ನೀವು ಹೀಗೆ ಮಾಡಿ. ಹುಡುಗರನ್ನು ಬಿಡಿಸಬೇಕಾಗಿಲ್ಲ. ಸಹಿ ಹಾಕುವ ಗುತ್ತಿಗೆದಾರರನ್ನು ಈಗಲೇ, ಗೋಡೆಗೆ ಗಾರೆ ಬೀಳುವ ಮೊದಲೇ ಕರೆಸಿ. ಅವರು ಪೈಪುಗಳನ್ನು ನೋಡಲಿ, ಕೆಲಸ ಮಾಡುವವರ ಪರ್ಮಿಟ್ ನೋಡಲಿ, ಮುಂದಿನ ಕೆಲಸ ಅವರ ಮೇಲ್ವಿಚಾರಣೆಯಲ್ಲಿಯೇ ನಡೆಯಲಿ. ತಂತಿಯ ದಪ್ಪವನ್ನು ಅವರ ಎದುರಿಗೇ ಕೇಳಿ: ದೀಪ, ಫ್ಯಾನುಗಳಿಗೆ 1.5 ಚದರ ಮಿಲಿಮೀಟರ್, 16 ಆಂಪಿಯರ್ ಸಾಕೆಟ್ಟಿಗೆ 2.5, ಗೀಸರ್ ಮತ್ತು ಎ.ಸಿ.ಗೆ 4 ಇಟ್ಟರೆ ನೆಮ್ಮದಿ. ದೀಪ, ಫ್ಯಾನುಗಳ ಒಂದು ಸರ್ಕ್ಯೂಟಿಗೆ ಹತ್ತು ಪಾಯಿಂಟಿಗಿಂತ ಹೆಚ್ಚು ಬೇಡ. ಮುಗಿದ ದಿನ ಮೆಗ್ಗರ್ ಹಿಡಿಯುವಾಗ ನೀವು ಪಕ್ಕದಲ್ಲಿ ನಿಲ್ಲಿ, ಅಂಕಿಯನ್ನು ನಿಮ್ಮ ಪುಸ್ತಕದಲ್ಲಿಯೂ ಬರೆದುಕೊಳ್ಳಿ. ಗಾರೆಗೆ ಮೊದಲು ಪ್ರತಿ ಗೋಡೆಯ ಚಿತ್ರವನ್ನು ಮೊಬೈಲಿನಲ್ಲಿ ತೆಗೆದಿಡಿ. ಮುಂದೆ ದೇವರ ಪಟಕ್ಕೆ ಮೊಳೆ ಹೊಡೆಯುವಾಗ ಬಹಳ ಉಪಕಾರವಾಗುತ್ತದೆ.

ಪ್ರಶ್ನೆ: ನಮ್ಮದು ಬೇಲೂರಿನ ಹಳೆಯ ಹೆಂಚಿನ ಮನೆ. ಹೋದ ವರ್ಷ, ಕರೆಂಟು ಸೋರಿದರೆ ತಾನೇ ಕಡಿಯುವ ಆರ್‌ಸಿಸಿಬಿ ಹಾಕಿಸಿದೆವು. ಮಳೆ ಶುರುವಾದಂದಿನಿಂದ ರಾತ್ರಿ ಹೊತ್ತು ಅದು ಪದೇ ಪದೇ ಬೀಳುತ್ತಿದೆ. ಬಂದ ಎಲೆಕ್ಟ್ರಿಷಿಯನ್ ‘ಇದು ಮಲೆನಾಡಿಗೆ ಆಗಿಬರುವುದಿಲ್ಲ, ತೆಗೆದು ನೇರ ಕೊಡುತ್ತೇನೆ, ಎಂಸಿಬಿ ಇದೆಯಲ್ಲ’ ಎಂದರು. ಏನು ಮಾಡಲಿ?
— ನಿವೃತ್ತ ಶಿಕ್ಷಕರು, ಬೇಲೂರು

ಉತ್ತರ: ತೆಗೆಸಬೇಡಿ ಗುರುಗಳೇ. ಅದು ಬೀಳುತ್ತಿರುವುದು ಕೆಟ್ಟಿರುವುದರಿಂದಲ್ಲ, ಮನೆಯಲ್ಲಿ ಎಲ್ಲಿಯೋ ಕರೆಂಟು ಸೋರುತ್ತಿದೆ ಎಂದು ತಿಳಿಸುವುದಕ್ಕೆ ಇರಬಹುದು. ಆ ಸೋರಿಕೆಯನ್ನು ಹುಡುಕಿಸಿ.

ಎಂಸಿಬಿ ಕಾಯುವುದು ತಂತಿಯನ್ನು. 16 ಆಂಪಿಯರಿನ ಎಂಸಿಬಿ ಅದಕ್ಕಿಂತ ಹೆಚ್ಚು ಹರಿದಾಗ ಬೀಳುತ್ತದೆ. ಮನುಷ್ಯನ ಪ್ರಾಣಕ್ಕೆ ಆಂಪಿಯರಿನ ಸಣ್ಣದೊಂದು ಪಾಲು ಸಾಕು. ಅರ್ಥಿಂಗ್ ಇದೆಯಲ್ಲ ಎನ್ನಬಹುದು. ನಿಮ್ಮ ಹಿತ್ತಲಿನ ಅರ್ಥಿಂಗಿನ ರೋಧ 10 ಓಂ ಎಂದು ಇಟ್ಟುಕೊಳ್ಳಿ. ಗೀಸರಿನ ಮೈಗೆ ಫೇಸ್ ತಗುಲಿದರೆ 230 ವೋಲ್ಟಿನಲ್ಲಿ ಹರಿಯುವುದು ಹೆಚ್ಚೆಂದರೆ 23 ಆಂಪಿಯರ್. ಅಷ್ಟಕ್ಕೆ 16ರ ಎಂಸಿಬಿ ತಕ್ಷಣ ಬೀಳುವುದಿಲ್ಲ. ಅದುವರೆಗೆ ಗೀಸರಿನ ಮೈಯಲ್ಲಿ ಕರೆಂಟು ಇದ್ದೇ ಇರುತ್ತದೆ. ಆರ್‌ಸಿಸಿಬಿಯಾದರೋ ಹೋದ ಕರೆಂಟು ಅಷ್ಟೇ ಹಿಂದಕ್ಕೆ ಬಂದಿತೇ ಎಂದು ತೂಗಿ ನೋಡುತ್ತದೆ. ಮನೆಗೆ ಹಾಕುವ 30 ಮಿಲಿ ಆಂಪಿಯರಿನದು ಅಷ್ಟು ವ್ಯತ್ಯಾಸ ಕಂಡರೆ ಕಣ್ಣು ಮಿಟುಕಿಸುವಷ್ಟರಲ್ಲಿ ಕಡಿದುಬಿಡುತ್ತದೆ.

ಸೋರಿಕೆಯನ್ನು ಹುಡುಕುವ ಬಗೆ ಹೀಗೆ. ಮೊದಲು ಪ್ಲಗ್‌ಗಳನ್ನೆಲ್ಲ ಕಿತ್ತಿಡಿ, ಸ್ವಿಚ್ ಆರಿಸಿದರಷ್ಟೇ ಸಾಲದು. ನಮ್ಮ ಮನೆಗಳ ಎಂಸಿಬಿ, ಸ್ವಿಚ್ಚುಗಳು ಸಾಮಾನ್ಯವಾಗಿ ಫೇಸನ್ನು ಮಾತ್ರ ಕಡಿಯುತ್ತವೆ, ನ್ಯೂಟ್ರಲ್ ಹಾಗೆಯೇ ಉಳಿಯುತ್ತದೆ. ಕೆಟ್ಟ ಗೀಸರ್ ಆರಿಸಿದ ಮೇಲೂ ನ್ಯೂಟ್ರಲಿನ ಮೂಲಕ ಆರ್‌ಸಿಸಿಬಿಯನ್ನು ಬೀಳಿಸಬಲ್ಲದು. ಎಷ್ಟೋ ಎಲೆಕ್ಟ್ರಿಷಿಯನ್ನರು ಇಲ್ಲಿಯೇ ದಾರಿ ತಪ್ಪಿ, ಸಾಧನವೇ ಸರಿಯಿಲ್ಲ ಎನ್ನುತ್ತಾರೆ. ಎಲ್ಲವನ್ನೂ ಕಿತ್ತ ಮೇಲೆ ನಿಂತರೆ ಒಂದೊಂದಾಗಿ ಹಾಕುತ್ತ ಬನ್ನಿ, ಕಳ್ಳ ಸಿಕ್ಕಿಬೀಳುತ್ತಾನೆ. ಆಗಲೂ ಬೀಳುತ್ತಿದ್ದರೆ ದೋಷ ವೈರಿಂಗಿನಲ್ಲಿದೆ. ಅಂಗಳದ ದೀಪದ ಬುರುಡೆಯೊಳಗೆ ನೀರು, ಬಚ್ಚಲಿನ ಗೋಡೆಯ ಸ್ವಿಚ್ ಬೋರ್ಡಿನಲ್ಲಿ ಇರುವೆ ಗೂಡು, ಅಟ್ಟದ ಮೇಲೆ ಇಲಿ ಕಡಿದ ತಂತಿ, ಈ ಮೂರನ್ನು ನಿಮ್ಮಂಥ ಮನೆಗಳಲ್ಲಿ ನಾನು ಮತ್ತೆ ಮತ್ತೆ ಕಂಡಿದ್ದೇನೆ. ರಾತ್ರಿ ಮಾತ್ರ ಬೀಳುತ್ತಿದೆ ಎಂದಿರಿ. ನಾನಾದರೆ ಅಂಗಳದ ದೀಪದಿಂದ ಆರಂಭಿಸುತ್ತಿದ್ದೆ.

ಅಟ್ಟದಲ್ಲಿ ಮರದ ಪಟ್ಟಿಯ ಮೇಲೆ ಓಡಿಸಿದ ಹಳೆಯ ತಂತಿ ಇನ್ನೂ ಇದ್ದರೆ, ಈ ಮಳೆ ಕಳೆದ ಮೇಲೆ ಪೂರ್ತಿ ಬದಲಾಯಿಸಿ. ಆರ್‌ಸಿಸಿಬಿಯ ಟೆಸ್ಟ್ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡುವ ಅಭ್ಯಾಸವಿರಲಿ. ಒತ್ತಿದಾಗ ಬೀಳದಿದ್ದರೆ ಮಾತ್ರ ಅದನ್ನು ತೆಗೆದು ಹೊಸದನ್ನು ಹಾಕಿಸಬೇಕು.

ಪ್ರಶ್ನೆ: ಮೂಡಿಗೆರೆ ಬಳಿ ನಮ್ಮ ತೋಟದ ಮನೆಯನ್ನು ಹೋಂಸ್ಟೇ ಮಾಡುತ್ತಿದ್ದೇವೆ. ಐದು ಕೋಣೆ, ಐದು ಗೀಸರ್. ಮಂಜೂರಾದ ಲೋಡ್ 3 ಕಿಲೋವ್ಯಾಟ್. ಮಳೆಗಾಲದಲ್ಲಿ ವಾರಗಟ್ಟಲೆ ಕರೆಂಟ್ ಇರುವುದಿಲ್ಲವಾದ್ದರಿಂದ ಜನರೇಟರ್ ತಂದಿದ್ದೇವೆ. ಅದನ್ನು ಪ್ಲಗ್ ಮೂಲಕವೇ ಮನೆಗೆ ಕೊಡಬಹುದು ಎಂದು ಒಬ್ಬರು ತೋರಿಸಿಕೊಟ್ಟರು.
— ಬೆಳೆಗಾರರು, ಮೂಡಿಗೆರೆ

ಉತ್ತರ: ಪ್ಲಗ್ ಮೂಲಕ ಕೊಡುವ ಆ ವಿಧಾನವನ್ನು ಇಂದೇ ನಿಲ್ಲಿಸಿ. ಮೇನ್ ಸ್ವಿಚ್ ಆರಿಸುವುದನ್ನು ಒಂದು ದಿನ ಒಬ್ಬರು ಮರೆತರೆ ಸಾಕು, ನಿಮ್ಮ ಜನರೇಟರಿನ ಕರೆಂಟು ಹಿಮ್ಮುಖವಾಗಿ ಟಿಸಿಗೆ (ಟ್ರಾನ್ಸ್‌ಫಾರ್ಮರಿಗೆ) ಹೋಗುತ್ತದೆ. 11 ಸಾವಿರ ವೋಲ್ಟನ್ನು ಇಳಿಸಿ ನಮಗೆ ಕೊಡುವ ಆ ಟಿಸಿ, ಹಿಂದಿನಿಂದ ಕರೆಂಟು ಬಂದರೆ ಅದನ್ನು ಮತ್ತೆ ಸಾವಿರಾರು ವೋಲ್ಟಿಗೆ ಏರಿಸುತ್ತದೆ. ಬಿದ್ದ ಮರವನ್ನು ತೆಗೆದು, ಲೈನ್ ಸತ್ತಿದೆ ಎಂದು ನಂಬಿ ಮಳೆಯಲ್ಲಿ ಕಂಬ ಹತ್ತಿರುವ ಪವರ್‌ಮ್ಯಾನ್ ಆ ತಂತಿಯನ್ನು ಕೈಯಲ್ಲಿ ಹಿಡಿದಿರುತ್ತಾನೆ. ನಿಮ್ಮ ಮನೆಗೆ ಬೆಳಕು ತರಲು ಹತ್ತಿದವನು ಅವನು.

ಚೇಂಜ್‌ಓವರ್ ಸ್ವಿಚ್ ಹಾಕಿಸಿ. ಅದು ಒಮ್ಮೆಗೆ ಲೈನ್ ಅಥವಾ ಜನರೇಟರ್, ಒಂದೇ ಕಡೆ ಕೂರುತ್ತದೆ, ಮರೆವಿಗೆ ಅವಕಾಶವೇ ಇಲ್ಲ. ತ್ರೀ ಫೇಸ್ ಆದರೆ ನ್ಯೂಟ್ರಲನ್ನೂ ಬೇರ್ಪಡಿಸುವ ನಾಲ್ಕು ಪೋಲಿನದು ಇರಲಿ. ಜನರೇಟರಿಗೆ ಪ್ರತ್ಯೇಕ ಅರ್ಥಿಂಗ್ ಬೇಕು. ಅದನ್ನು ಕೋಣೆಗಳ ಕಿಟಕಿಯಿಂದ ದೂರದಲ್ಲಿ, ಗಾಳಿಯಾಡುವ ಜಾಗದಲ್ಲಿ ಇಡಿ. ಹೊಗೆ ಒಳಗೆ ತುಂಬಿದರೆ ಮಲಗಿದ ಅತಿಥಿ ಏಳುವುದಿಲ್ಲ.

ಲೋಡಿನ ಲೆಕ್ಕ ಸರಳ. 2 ಕಿಲೋವ್ಯಾಟಿನ ಐದು ಗೀಸರ್ ಎಂದರೆ 10 ಕಿಲೋವ್ಯಾಟ್. ಪ್ರವಾಸಿಗರೆಲ್ಲ ಬೆಳಗ್ಗೆ ಒಂದೇ ಹೊತ್ತಿಗೆ ಸ್ನಾನಕ್ಕೆ ಹೋಗುವವರು. ಒಂದೇ ಫೇಸಿನಲ್ಲಿ ಅದು 43 ಆಂಪಿಯರ್ ದಾಟುತ್ತದೆ. ನಿಮ್ಮ ಈಗಿನ ಮೇನ್ ತಂತಿ ಅದಕ್ಕಾಗಿ ಎಳೆದದ್ದಲ್ಲ. ಲೈಸೆನ್ಸ್ ಇರುವ ಗುತ್ತಿಗೆದಾರರಿಂದ ಲೋಡ್ ಲೆಕ್ಕ ಹಾಕಿಸಿ, ಮೆಸ್ಕಾಂ ಉಪವಿಭಾಗ ಕಚೇರಿಯಲ್ಲಿ ಹೆಚ್ಚುವರಿ ಲೋಡಿಗೆ ಅರ್ಜಿ ಹಾಕಿ. ಯಾವ ದರ ವರ್ಗಕ್ಕೆ ಸೇರುತ್ತೀರಿ ಎಂಬುದನ್ನೂ ಅಲ್ಲಿಯೇ ಬರವಣಿಗೆಯಲ್ಲಿ ಪಡೆದುಕೊಳ್ಳಿ. ಬಂದವರು ನಿಮ್ಮನ್ನು ನಂಬಿ ಅಪರಿಚಿತ ಮನೆಯಲ್ಲಿ ಒದ್ದೆ ಕೈಯಲ್ಲಿ ಸ್ವಿಚ್ ಒತ್ತುವವರು. ಪ್ರತಿ ಕೋಣೆಗೂ ಬೇರೆಯೇ ಆರ್‌ಸಿಸಿಬಿ ಹಾಕಿಸಿದರೆ ಅದು ದುಂದು ಎಂದು ನಾನು ಹೇಳಲಾರೆ.

ಪ್ರಶ್ನೆ: ತೋಟದ ನಡುವೆ 11 ಕೆ.ವಿ. ಲೈನ್ ಹೋಗಿದೆ. ಮೆಣಸು ಕೊಯ್ಲಿಗೆ, ಮರಗಸಿಗೆ (ನೆರಳು ಮರಗಳ ಕೊಂಬೆ ಸವರಲು) ಜನ ಹತ್ತುವಾಗ ಎದೆ ಢವಗುಟ್ಟುತ್ತದೆ. ನಮ್ಮ ಎಲೆಕ್ಟ್ರಿಷಿಯನ್ನಿಗೆ ಹೇಳಿ ಲೈನ್ ಆಫ್ ಮಾಡಿಸಬಹುದೇ?
— ಸಕಲೇಶಪುರ

ಉತ್ತರ: ಖಾಸಗಿ ಎಲೆಕ್ಟ್ರಿಷಿಯನ್, ಅವನಿಗೆ ಎಂಥ ಲೈಸೆನ್ಸ್ ಇದ್ದರೂ, ಆ ಲೈನನ್ನು ಮುಟ್ಟುವಂತಿಲ್ಲ. ಸೆಸ್ಕ್ ಶಾಖಾ ಕಚೇರಿಗೆ ಮುಂಚಿತವಾಗಿ ಅರ್ಜಿ ಕೊಟ್ಟು, ಅವರು ಲೈನ್ ಕ್ಲಿಯರ್ (ಲೈನ್ ಆಫ್ ಆಗಿದೆ, ಕೆಲಸ ಮಾಡಬಹುದು ಎಂಬ ಅನುಮತಿ) ಪಡೆದು ಬಂದು ನಿಂತ ಮೇಲೆಯೇ ಲೈನಿನ ಪಕ್ಕದ ಮರಕ್ಕೆ ಜನರನ್ನು ಹತ್ತಿಸಿ. ಕರೆಂಟ್ ಹೋಗಿದೆ, ಬೇಗ ಹತ್ತಿ ಇಳಿದುಬಿಡಿ ಎಂದು ತೋಟದ ಕೆಲಸ ನೋಡಿಕೊಳ್ಳುವ ಯಾವ ರೈಟರೂ ಹೇಳದಂತೆ ನೋಡಿಕೊಳ್ಳಿ. ಹೋದ ಕರೆಂಟು ಹೇಳದೆ ಬರುತ್ತದೆ.

ಅಲ್ಯೂಮಿನಿಯಂ ಏಣಿಯನ್ನು ಲೈನಿನ ಆಸುಪಾಸಿಗೆ ತರಲೇಬೇಡಿ. ರಸ್ತೆಯಿಂದ ಆಚೆ, ತೋಟದಂಥ ಜಾಗದಲ್ಲಿ 11 ಕೆ.ವಿ. ತಂತಿ ನೆಲದಿಂದ ಕನಿಷ್ಠ 4.6 ಮೀಟರ್ ಎತ್ತರದಲ್ಲಿರಬೇಕು ಎಂಬುದು ನಿಯಮ. 20 ಅಡಿಯ ಏಣಿಯನ್ನು ನಿಲ್ಲಿಸಿದರೆ 6 ಮೀಟರ್. ಮರದಿಂದ ಮರಕ್ಕೆ ಅದನ್ನು ನೆಟ್ಟಗೆ ಹಿಡಿದು ನಡೆಯುವಾಗಲೇ ನಮ್ಮ ಕಾಫಿ ಸೀಮೆಯಲ್ಲಿ ಜೀವಗಳು ಹೋಗಿವೆ. ಹಗುರವೆಂದು ಆ ಏಣಿ ಬಂದ ಮೇಲೆ ಬಿದಿರಿನ ಏಣಿಯನ್ನು ಮೂಲೆಗೆ ಹಾಕಿದೆವು. ಲೈನಿನ ಎರಡೂ ಬದಿಯ ಸಾಲುಗಳಿಗಾದರೂ ಒಣಗಿದ ಬಿದಿರು ಅಥವಾ ಫೈಬರ್ ಏಣಿ ಇರಲಿ, ಅದನ್ನೂ ಒದ್ದೆಯಾಗಿದ್ದಾಗ ನಂಬಬೇಡಿ. ಆ ಮರಗಳಿಗೆ ಬಣ್ಣದ ಪಟ್ಟಿ ಬಳಿದು ಗುರುತಿಡಿ. ಅಸ್ಸಾಂ, ಜಾರ್ಖಂಡ್ ಕಡೆಯಿಂದ ಬಂದ ಕಾರ್ಮಿಕರಿಗೆ ಕನ್ನಡದ ಫಲಕ ಓದಲು ಬಾರದಿದ್ದರೂ ಕೆಂಪು ಪಟ್ಟಿ ಅರ್ಥವಾಗುತ್ತದೆ. ತಂತಿ ಕಡಿದು ಬಿದ್ದಿದ್ದರೆ ಹತ್ತು ಮೀಟರ್ ದೂರದಲ್ಲಿಯೇ ನಿಂತು 1912ಕ್ಕೆ ಕರೆ ಮಾಡಿ. ಎರಡೂ ಜಿಲ್ಲೆಗಳಿಗೆ ಅದೇ ಸಂಖ್ಯೆ.

ಪ್ರಶ್ನೆ: ಆನೆಗಳ ಕಾಟ ತಡೆಯಲಾಗುತ್ತಿಲ್ಲ. ರಾತ್ರಿ ಮಾತ್ರ ಮನೆಯ ಲೈನಿನಿಂದ ಬೇಲಿಗೆ ಕರೆಂಟ್ ಕೊಟ್ಟುಕೊಡಲು ಒಬ್ಬ ವೈರ್‌ಮನ್ ಒಪ್ಪಿದ್ದಾನೆ.
— ಆಲೂರು ತಾಲ್ಲೂಕು

ಉತ್ತರ: ನಿಮ್ಮ ಸಂಕಟ ನನಗೆ ಗೊತ್ತು, ನನ್ನ ತಮ್ಮನ ಬಾಳೆಯೂ ಹೀಗೆಯೇ ಹೋಗಿದೆ. ಆದರೂ ಬೇಡ. ಅದು ಅಪರಾಧ; ಆನೆಗಿಂತ ಮೊದಲು ಬೆಳಗಿನ ಜಾವ ಗದ್ದೆಗೆ ಹೊರಟ ನೆರೆಯವನು ಅದಕ್ಕೆ ಬಲಿಯಾಗಬಹುದು. ಸೋಲಾರ್ ಬೇಲಿಯ ಯಂತ್ರ ಸುಮಾರು ಒಂದು ಸೆಕೆಂಡಿಗೊಮ್ಮೆ, ಸೆಕೆಂಡಿನ ಅತಿ ಸಣ್ಣ ಭಾಗದಷ್ಟು ಹೊತ್ತು ಮಾತ್ರ ಹೊಡೆತ ಕೊಡುತ್ತದೆ. ಮುಟ್ಟಿದ ಜೀವ ಬೆಚ್ಚಿ ಹಿಂದೆ ಸರಿಯುತ್ತದೆ. ಮನೆಯ ಲೈನ್ ಹಾಗಲ್ಲ, ಹಿಡಿದರೆ ಬಿಡುವುದಿಲ್ಲ. ಇಂಥ ಕೆಲಸಕ್ಕೆ ಒಪ್ಪಿದವನನ್ನು ಮನೆಯ ಬೇರೆ ಕೆಲಸಕ್ಕೂ ಕರೆಯಬೇಡಿ.

ಪ್ರಶ್ನೆ: ಚಿಕ್ಕಮಗಳೂರಿನ ಮಾರ್ಕೆಟ್ ರಸ್ತೆಯಲ್ಲಿ ಬಾಡಿಗೆ ಮಳಿಗೆ ಹಿಡಿದು ಬೇಕರಿ ತೆರೆಯುತ್ತಿದ್ದೇನೆ. ಇಬ್ಬರು ಲೈಸೆನ್ಸ್ ಗುತ್ತಿಗೆದಾರರ ದರಪಟ್ಟಿಯಲ್ಲಿ ಬಹಳ ವ್ಯತ್ಯಾಸವಿದೆ. ಕಡಿಮೆಯದನ್ನು ಒಪ್ಪಲೇ?
— ಹೊಸ ವ್ಯಾಪಾರಿ

ಉತ್ತರ: ಮೊತ್ತವನ್ನು ನೋಡುವ ಮೊದಲು ಎರಡರಲ್ಲಿಯೂ ಏನು ಬರೆದಿದೆ ಎಂದು ನೋಡಿ. ‘ಪೂರ್ತಿ ವೈರಿಂಗ್, ಇಷ್ಟು ರೂಪಾಯಿ’ ಎಂದು ಒಂದೇ ಸಾಲಿದ್ದರೆ ಅದು ದರಪಟ್ಟಿಯೇ ಅಲ್ಲ. ಓವನ್ನಿಗೆ ಬೇರೆ ಸರ್ಕ್ಯೂಟ್ ಇದೆಯೇ, ತಂತಿಯ ದಪ್ಪ ಮತ್ತು ಐಎಸ್‌ಐ ಗುರುತು ನಮೂದಾಗಿದೆಯೇ, ಹೊಸ ಅರ್ಥಿಂಗ್ ಸೇರಿದೆಯೇ, ಕೊನೆಯ ಪರೀಕ್ಷಾ ವರದಿ ಕೊಡುತ್ತಾರೆಯೇ? ಇವು ಸೇರಿದ ಮೇಲೂ ಕಡಿಮೆಯಾಗಿದ್ದರೆ ಸಂತೋಷದಿಂದ ಒಪ್ಪಿ. ತಂತಿಯ ಸುರುಳಿಯನ್ನು ನಿಮ್ಮೆದುರಿಗೇ ಬಿಚ್ಚಿಸಿ. ಮಳಿಗೆಯ ಮಾಲೀಕರಿಂದ ಲೋಡ್ ಹೆಚ್ಚಳಕ್ಕೆ ಲಿಖಿತ ಒಪ್ಪಿಗೆಯನ್ನು ಓವನ್ ಕೊಳ್ಳುವ ಮೊದಲೇ ಪಡೆಯಿರಿ.

ಪ್ರಶ್ನೆ: ಎರಡು ವರ್ಷದ ಐಟಿಐ ಎಲೆಕ್ಟ್ರಿಷಿಯನ್ ಮುಗಿಸಿ ಮೂರು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಪರ್ಮಿಟ್ ಇಲ್ಲ. ಅದಿಲ್ಲದೆಯೇ ಕೈತುಂಬ ಕೆಲಸವಿದೆ. ಅದರಿಂದ ನನಗೇನು ಲಾಭ?
— ಅರಕಲಗೂಡು

ಉತ್ತರ: ಕೇಳಿದ್ದು ಒಳ್ಳೆಯದಾಯಿತು. ಮೊದಲ ಪತ್ರದ ಮನೆಯಲ್ಲಿ ಕೆಲಸ ಮಾಡುತ್ತಿರುವ ಹುಡುಗ ನೀನೇ ಇರಬಹುದು ಎಂದುಕೊಂಡು ಬರೆಯುತ್ತಿದ್ದೇನೆ. ಇಂದು ನೀನು ಮಾಡಿದ ಕೆಲಸಕ್ಕೆ ಇನ್ನೊಬ್ಬರು ಸಹಿ ಹಾಕಿ ಹಣ ಪಡೆಯುತ್ತಿದ್ದಾರೆ. ಕೆಲಸ ಚೆನ್ನಾಗಿದ್ದರೆ ಹೆಸರು ಅವರದು. ಅವಘಡವಾದರೆ ಎಲ್ಲರ ಬೆರಳು ಪರ್ಮಿಟ್ ಇಲ್ಲದ ನಿನ್ನತ್ತ ತಿರುಗುತ್ತದೆ. ನಿನ್ನ ಐಟಿಐ ಪ್ರಮಾಣಪತ್ರದೊಡನೆ ವಿದ್ಯುತ್ ಪರಿವೀಕ್ಷಣಾಲಯದ ಕಚೇರಿಗೆ ಹೋಗಿ ವೈರ್‌ಮನ್ ಪರ್ಮಿಟ್ಟಿಗೆ ಅರ್ಜಿ ಹಾಕು. ನಂತರ ಮೇಲ್ವಿಚಾರಕನ ಅರ್ಹತೆ, ಮುಂದೊಂದು ದಿನ ಸ್ವಂತ ಲೈಸೆನ್ಸ್. ನಾನೂ ಅದೇ ಮೆಟ್ಟಿಲುಗಳನ್ನು ಹತ್ತಿ ಬಂದವನು.

ಅದಕ್ಕಿಂತ ಮೊದಲು ಒಂದು ಮೆಗ್ಗರ್ ಕೊಂಡುಕೊ. ಮನೆಯವರು ಕೇಳದಿದ್ದರೂ ಪ್ರತಿ ಕೆಲಸದ ಕೊನೆಗೆ ಅಳೆದು, ಅಂಕಿಯನ್ನು ಮೀಟರ್ ಬೋರ್ಡಿನ ಬಾಗಿಲ ಒಳಬದಿಯಲ್ಲಿ ತಾರೀಖಿನೊಡನೆ ಬರೆ. ಐದು ವರ್ಷದ ಮೇಲೆ ಆ ಮನೆಗೆ ಹೋಗುವ ಇನ್ನೊಬ್ಬ ಕೆಲಸಗಾರ ಮತ್ತೆ ಅಳೆದು ನೋಡಿದಾಗ, ಅಂಕಿ ಎಷ್ಟು ಇಳಿದಿದೆ ಎಂಬುದು ನಿನ್ನ ಬರಹದಿಂದಲೇ ಅವನಿಗೆ ತಿಳಿಯುತ್ತದೆ.